ಬೀಳೋದನ್ನ ಕಲಿಸೋ ಮೇಷ್ಟ್ರು

ಒಂದು ವಾರದಿಂದ ಮಗಳು ಒಂದೇ ಮಗ್ಗುಲಿಗೆ ಮಲಗುತ್ತಿದ್ದಳು. ನಾನು ಗಮನಿಸಿರಲಿಲ್ಲ. ಬೆಳಗ್ಗೆ ಕುರುಗೋಡಿನಲ್ಲಿ ಬಳ್ಳಾರಿ ಬಸ್ ಹತ್ತಿ ಕತ್ತಲಾದ ಮೇಲೆ ಇಳಿಯುವವನಿಗೆ ಇಂಥದ್ದೆಲ್ಲಾ ಎಲ್ಲಿ ಕಾಣಬೇಕು? ನಮ್ಮಾಕಿ ತೋರಿಸಿದಾಗಲೇ ನೋಡಿದ್ದು. ಎಡಗಡೆ ಸೊಂಟದ ಮೇಲೆ ಅಂಗೈಯಗಲ ತರಚುಗಾಯ, ಸುತ್ತಲೂ ಕಂದುಗಟ್ಟಿದೆ.

“ಯಾಕವ್ವಾ ಹೇಳಲಿಲ್ಲ?” ಅಂದೆ.

“ಹೇಳಿದ್ರ ಕೋಚಿಂಗ್ ಬಿಡಸ್ತಿದ್ದಿ” ಅಂದಳು.

ಆ ಕೋಚಿಂಗ್ ಹುಡುಕಿ ಸೇರಿಸಿದವನು ನಾನೇ.

ಅವಳಿಗೆ 12 ವರ್ಷ, ಏಳನೇ ಕ್ಲಾಸು. ಶಾಲೆಯ ಫುಟ್‌ಬಾಲ್ ತಂಡಕ್ಕೆ ಒಬ್ಬರು ಕಮ್ಮಿ ಬಿದ್ದರು ಅಂತ ಇವಳನ್ನು ಗೋಲಿಗೆ ನಿಲ್ಲಿಸಿದ್ದರು. ಜೋರಾಗಿ ಓಡಲು ಬಾರದವರನ್ನು ಅಲ್ಲಿ ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಮೊದಲ ಮ್ಯಾಚಿನಲ್ಲೇ ಆರು ಗೋಲು. ಅಳುತ್ತಾ ಬರ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಊಟಕ್ಕೆ ಕೂತಾಗ ಕೇಳಿದಳು, “ಅಪ್ಪಾ, ಕೀಪರಿಗೆ ಬ್ಯಾರೆ ಮೇಷ್ಟ್ರು ಇರ್ತಾರೇನು?”

ಪ್ರಶ್ನೆ ಸರಿಯಾಗಿತ್ತು. ಹತ್ತು ಜನ ಕಾಲಲ್ಲಿ ಆಡುವ ಆಟದಲ್ಲಿ ಒಬ್ಬರಿಗೆ ಮಾತ್ರ ಕೈ ಬಳಸುವ ಕೆಲಸ. ದೊಡ್ಡವರ ಗೋಲು ಅಂದ್ರೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಪೆನಾಲ್ಟಿ ಬರುವುದು ಬರೀ 11 ಮೀಟರ್ ದೂರದಿಂದ. ಒಂದು ಶಾಲೆಗೆ ಒಬ್ಬರೇ ಪಿ.ಟಿ. ಮೇಷ್ಟ್ರು. ಅವರು ಎಲ್ಲರನ್ನೂ ಓಡಿಸಬೇಕೋ, ಇವಳೊಬ್ಬಳಿಗೆ ಹಿಡಿಯೋದು ಕಲಿಸಬೇಕೋ?

ಸರಿ, ಫೋನ್ ಹಿಡಿದು ಹುಡುಕಾಟ ಶುರು. ನಮ್ಮ ಜಿಲ್ಲೆಯಲ್ಲೇ ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬೆಂಗಳೂರು ಎಫ್‌ಸಿ ಹುಡುಗರ ವಸತಿ ಅಕಾಡೆಮಿಯನ್ನೂ ಅಲ್ಲಿ ನಡೆಸಿದೆ. ಆದರೆ ಅದು ಟ್ರಯಲ್ಸ್‌ನಲ್ಲಿ ಆಯ್ಕೆಯಾಗಿ ಸೇರುವ ಜಾಗ. ಭಾನುವಾರಕ್ಕೊಮ್ಮೆ ಹೋಗಿ ಬರುವ ನಮ್ಮಂಥವರಿಗಲ್ಲ.

ಆಗ ಸಿಕ್ಕಿದ್ದು ಒಂದು ಜಾಹೀರಾತು. “ಮೂರು ತಿಂಗಳಲ್ಲಿ ಸೆಲೆಕ್ಷನ್ ಗ್ಯಾರಂಟಿ.” ಬಣ್ಣಬಣ್ಣದ ಕೋನ್‌ಗಳು, ಸ್ಲೋ ಮೋಷನ್ ವಿಡಿಯೋ. ತಿಂಗಳಿಗೆ 3,000 ರೂಪಾಯಿ, ಮೂರು ತಿಂಗಳದ್ದು ಮುಂಗಡ. ಕಟ್ಟಿಬಿಟ್ಟೆ. ಮೈದಾನ ಹೇಗಿದೆ ಅಂತ ಕೂಡ ಕೇಳಲಿಲ್ಲ.

ದೊಡ್ಡಬಸವೇಶ್ವರನ ತೇರು ಮುಗಿದ ಮೇಲಿನ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ನೆಲ ಬಂಡೆಯಾಗಿರುತ್ತದೆ. ಆ ನೆಲದ ಮೇಲೆ ಮೊದಲ ದಿನವೇ ಮೂವತ್ತು ಡೈವ್. ಹೇಗೆ ಬೀಳಬೇಕು ಅಂತ ಹೇಳಿಕೊಡದೆ, ಬೀಳು ಅಂತಷ್ಟೇ. ಕೇಳಲು ಹೋದರೆ, “ನೋವಾದ್ರೇನೇ ಸಾರ್ ಕೀಪರ್ ಆಗೋದು” ಎಂಬ ಉತ್ತರ. ಬಿಡಿಸಿದೆ. ದುಡ್ಡು ವಾಪಸ್ ಬರಲಿಲ್ಲ. ನಿಜ ಹೇಳ್ತೀನಿ, ಆ ರಾತ್ರಿ ನಿದ್ದೆ ಬಾರದ್ದಕ್ಕೆ ಗಾಯದಷ್ಟೇ ಆ 9,000 ರೂಪಾಯಿಯೂ ಕಾರಣ.

ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆಮೇಲೆ ಆಫೀಸಿನ ಗೆಳೆಯ ತನ್ನ ಸೋದರಮಾವನ ನಂಬರ್ ಕೊಟ್ಟ. ಬಳ್ಳಾರಿ ಬ್ರಿಟಿಷರ ಕಾಲದ ದಂಡಿನ ಊರು, ಅಲ್ಲಿ ಫುಟ್‌ಬಾಲ್ ಹಳೇ ಆಟ. ಆ ಹಿರಿಯರು ವಯಸ್ಸಿನಲ್ಲಿ ಕೀಪರ್ ಆಗಿದ್ದವರು, ಈಗ ಭಾನುವಾರ ಐದಾರು ಮಕ್ಕಳಿಗೆ ಹೇಳಿಕೊಡುತ್ತಾರೆ. ಫೋನ್ ಮಾಡಿದೆ. ನಾನು ಫೀಸ್ ಕೇಳುವ ಮೊದಲೇ ಅವರು ಕೇಳಿದರು, “ಗೋಲು ಬಿದ್ದ ಮ್ಯಾಲೆ ಹುಡುಗಿ ಏನು ಮಾಡ್ತಾಳ್ರೀ?”

“ಸುಮ್ಮನ ಹೋಗಿ ಚೆಂಡು ತರ್ತಾಳ್ರಿ.”

“ಹಂಗಾದ್ರ ಕರ್ಕೊಂಡು ಬರ್ರಿ.”

ಗಾಯ ಮಾಯುವ ತನಕ ಬೀಳೋದೇ ಇಲ್ಲ ಅಂದರು. ಮೂರು ವಾರ ಬರೀ ನಿಲ್ಲೋದು, ಹಿಡಿಯೋದು. ಎದುರಿನವರು ಒದೆಯುವ ಹೊತ್ತಿಗೆ ಮುಂಗಾಲ ಮೇಲೆ ಸ್ಥಿರವಾಗಿರಬೇಕು. ಮೇಲಿನ ಚೆಂಡಿಗೆ ಹೆಬ್ಬೆರಳುಗಳು ಹತ್ತಿರ, ಕೆಳಗಿನ ಚೆಂಡಿಗೆ ಕಿರುಬೆರಳುಗಳು ಹತ್ತಿರ. ಆಮೇಲೆ ಹುಲ್ಲಿನ ಮೇಲೆ ಮಂಡಿಯೂರಿ ಕೂತು, ಅಲ್ಲಿಂದ ಪಕ್ಕಕ್ಕೆ ವಾಲೋದು. ಆಮೇಲೆ ಕುಕ್ಕರುಗಾಲಿನಿಂದ. ಕೊನೆಗೆ ನಿಂತು. ಮೀನಖಂಡದ ಪಕ್ಕ, ತೊಡೆ, ಸೊಂಟ, ಭುಜ ಹೀಗೆ ಒಂದಾದ ಮೇಲೊಂದು ನೆಲ ಮುಟ್ಟಿದರೆ ಪೆಟ್ಟು ಹಂಚಿಹೋಗುತ್ತದಂತೆ. ಮೊಣಕೈ ಊರಬಾರದು, ಹೊಟ್ಟೆ ಮೇಲೆ ಬೀಳಬಾರದು. ಆರು ದಶಕ ದಾಟಿದ ಮನುಷ್ಯ ತಾವೇ ಬಿದ್ದು ತೋರಿಸಿದರು!

ಒಂದು ದಿನ ಪೆನಾಲ್ಟಿ ಹೇಳಿಕೊಡುತ್ತಾ, “ಸುಮ್ಮನ ನಿಲ್ಲಾಕೂ ಧೈರ್ಯ ಬೇಕವ್ವಾ” ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅದರ ಬಗ್ಗೆ ಓದುತ್ತಾ ಕೂತೆ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದ್ದಾರೆ. ನೂರರಲ್ಲಿ ಸುಮಾರು 29 ಚೆಂಡು ಮಧ್ಯಕ್ಕೇ ಬಂದಿವೆ. ಆದರೆ ಮಧ್ಯದಲ್ಲೇ ನಿಂತ ಕೀಪರ್‌ಗಳು ನೂರಕ್ಕೆ ಆರು ಮಾತ್ರ. ನಿಂತು ಗೋಲು ಬಿಟ್ಟರೆ ಏನೂ ಮಾಡಲಿಲ್ಲ ಅನ್ನಿಸುತ್ತದಲ್ಲ, ಅದಕ್ಕೇ ಹಾರುತ್ತಾರೆ.

ಜಾಹೀರಾತು ನೋಡಿದ ರಾತ್ರಿ ನಾನು ಮಾಡಿದ್ದೂ ಅದೇ. ಮಗಳು ಕೇಳಿದ್ದಾಳೆ, ಏನಾದರೂ ಮಾಡಬೇಕು ಅಂತ ಹಾರಿದೆ.

ನಿಮ್ಮ ಮನೆಯಲ್ಲೂ ಒಬ್ಬ ಪುಟ್ಟ ಕೀಪರ್ ಇದ್ದರೆ, ದುಡ್ಡು ಕಟ್ಟುವ ಮೊದಲು ಇಷ್ಟು ನೋಡಿ. ಒಂದು ದಿನ ಹೋಗಿ ಮೈದಾನ ತುಳಿದು ಬನ್ನಿ. ಕೋಚ್ ಆಗಲು ಎಐಎಫ್‌ಎಫ್ ಲೈಸೆನ್ಸ್ ಕೋರ್ಸ್‌ಗಳಿವೆ, ಗೋಲ್‌ಕೀಪಿಂಗಿಗೆ ಬೇರೆಯೇ ಇದೆ. ಮಾಡಿದ್ದಾರಾ ಕೇಳಿ. ಮಾಡಿರದಿದ್ದರೆ, ಮೊದಲ ತಿಂಗಳು ಏನು ಕಲಿಸ್ತೀರಿ ಅಂತಾದರೂ ಕೇಳಿ. ಪಾಲಕರು ಕೂತು ನೋಡಬಹುದಾ? ಬೇರೆ ಮಕ್ಕಳಿರ್ತಾರಾ? ಒಬ್ಬಂಟಿ ಮಗುವಿಗೆ, ಬಾಗಿಲು ಹಾಕಿದ ಜಾಗದಲ್ಲಿ ಕೋಚಿಂಗ್ ಬೇಡವೇ ಬೇಡ. ಫೀಸ್ ತಿಂಗಳು ತಿಂಗಳು ಕಟ್ಟಿ. ಗ್ಯಾರಂಟಿ ಅಂದವರಿಗೆ ಕೈಮುಗಿದು ಬನ್ನಿ.

ಈಗ ಭಾನುವಾರ ಆರಕ್ಕೇ ನಾವಿಬ್ಬರೂ ಬಸ್ ಸ್ಟ್ಯಾಂಡಿನಲ್ಲಿ. ಶಕ್ತಿ ಯೋಜನೆಯಿಂದ ಅವಳದು ಶೂನ್ಯ ಟಿಕೆಟ್, ದುಡ್ಡು ನನ್ನೊಬ್ಬನಿಗೆ. ಅದನ್ನು ಪ್ರತಿ ವಾರ ನೆನಪಿಸಿ ನಗುತ್ತಾಳೆ. ನನ್ನ ಫೋನಿನ ವಾಲ್‌ಪೇಪರ್ ಅದಿತಿ ಚೌಹಾಣ್. 2015ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಮಹಿಳಾ ತಂಡ ಸೇರಿದ ನಮ್ಮ ದೇಶದ ಕೀಪರ್. ನನ್ನನ್ನು ಕೇಳದೇ ಹಾಕಿಟ್ಟಿದ್ದಾಳೆ.

ಹೋದ ತಿಂಗಳು ಮತ್ತೆ ಮ್ಯಾಚ್ ಇತ್ತು. ಮೂರು ಗೋಲು ಬಿದ್ದು ಸೋತರು. ಮೂರನೆಯದಕ್ಕೆ ಎಡಕ್ಕೆ ಸರಿಯಾಗೇ ಹಾರಿದ್ದಳು, ಬೆರಳ ತುದಿಗೆ ತಾಗಿ ಒಳಗೆ ಹೋಯಿತು. ಎದ್ದಳು, ಮಣ್ಣು ಕೊಡವಿಕೊಂಡಳು, ಬಲೆಯೊಳಗಿಂದ ಚೆಂಡು ತಂದಳು.

ಆ ರಾತ್ರಿ ಎದ್ದು ಹೋಗಿ ನೋಡಿದೆ. ಎಡಮಗ್ಗುಲಿಗೆ ಮಲಗಿದ್ದಳು.