ಮೊದಲಿಗನಾರು?

ಸಾಸಿವೆ, ಜೀರಿಗೆ, ಮೆಂತ್ಯ—ಈ ಮೂರು ಡಬ್ಬಿಗಳನ್ನು ಗೃಹಿಣಿಯು ಹೇಗೆ ಜೋಡಿಸಿಟ್ಟರೂ ಮನೆಯಲ್ಲಿರುವ ಸಾಮಾನು ಅದೇ. ಗಣಿತಜ್ಞರು ‘ಗಣ’ವೆನ್ನುವುದೂ ಇಂಥ ಕೂಟವನ್ನೇ. ಅದರಲ್ಲಿ ಏನೇನಿದೆಯೆಂಬುದೊಂದೇ ಮುಖ್ಯ, ಹಿಂದುಮುಂದೆಂಬುದಿಲ್ಲ. ಕ್ರಮವನ್ನು ಹೊರಗಿನಿಂದ ತರಬೇಕು.

ಮೂರು ಡಬ್ಬಿಗಳಿಗಾದರೆ ಅದೇನು ಮಹಾ! ಗಣಕ್ಕೆ ಕೊನೆಯೇ ಇಲ್ಲದಿದ್ದರೆ? ಎಂಥ ಗಣವನ್ನಾದರೂ ಸುಕ್ರಮದಲ್ಲಿ ನಿಲ್ಲಿಸಬಹುದೆಂದು ಜರ್ಮನಿಯ ಗಿಯೊರ್ಗ್ ಕ್ಯಾಂಟರ್ 1883ರಲ್ಲಿ ಸಾರಿದನು. ಸುಕ್ರಮವೆಂದರೆ, ಗಣದಿಂದ ಯಾವ ಗುಂಪನ್ನು ಆರಿಸಿ ತೆಗೆದರೂ ಅದರಲ್ಲೊಬ್ಬ ಮೊದಲಿಗನಿರಬೇಕು. 1, 2, 3 ಎಂದು ಸಾಗುವ ಸಂಖ್ಯೆಗಳಲ್ಲಿ ಇದುಂಟು. ಭಿನ್ನರಾಶಿಗಳನ್ನು ಗಾತ್ರದಂತೆ ನಿಲ್ಲಿಸಿದರೆ ಇಲ್ಲ: ಅರ್ಧಕ್ಕಿಂತ ಕಾಲು ಚಿಕ್ಕದು, ಕಾಲಿಗಿಂತ ಅರೆಕಾಲು, ಅದಕ್ಕಿಂತ ವೀಸ, ಎಲ್ಲಕ್ಕೂ ಚಿಕ್ಕದೆಂಬುದು ಸಿಕ್ಕುವುದೇ ಇಲ್ಲ. ಆದರೆ ಅಂಶ ಛೇದಗಳ ಮೊತ್ತವನ್ನು ನೋಡಿ ಸಾಲು ಕಟ್ಟಿದರೆ ಅವೂ ಶಿಸ್ತಿಗೆ ಬರುತ್ತವೆ.

ದಶಾಂಶ ಬಿಂದುವಿನಾಚೆ ಕೊನೆಯಿಲ್ಲದೆ ಸಾಗಬಲ್ಲ ವಾಸ್ತವ ಸಂಖ್ಯೆಗಳು ಮಾತ್ರ ಬಗ್ಗಲಿಲ್ಲ. 1904ರ ಆಗಸ್ಟ್‌ನಲ್ಲಿ ಹೈಡೆಲ್‌ಬರ್ಗ್ ನಗರದ ಗಣಿತ ಸಮ್ಮೇಳನದಲ್ಲಿ ಹಂಗೇರಿಯ ಕ್ಯೋನಿಗ್, ಅವು ಸುಕ್ರಮಕ್ಕೆ ಬಾರವೆಂದು ವಾದಿಸಿದನು. ಐವತ್ತೊಂಬತ್ತರ ಕ್ಯಾಂಟರ್ ಸಭೆಯಲ್ಲಿಯೇ ಇದ್ದನು. ಜೀವಮಾನವೆಲ್ಲ ಕಟ್ಟಿದ ಮನೆ ಕಣ್ಣೆದುರಿಗೇ ಕುಸಿಯುವುದೋ ಎಂಬ ಗಳಿಗೆ! ಕ್ಯೋನಿಗನ ವಾದದಲ್ಲಿ ಬಿರುಕು ಕಂಡುಬಂದಿತು. ಸೆಪ್ಟೆಂಬರ್‌ನಲ್ಲಿ ಎರ್ನ್‌ಸ್ಟ್ ಝೆರ್ಮೆಲೊ ಕ್ಯಾಂಟರನ ಮಾತೇ ಸರಿಯೆಂದು ಸಾಧಿಸಿದನು. ಆದರೆ ಆ ಸಾಧನೆಯ ಬಗೆ ವಿಚಿತ್ರ. ಪ್ರತಿಯೊಂದು ಗುಂಪಿನಿಂದಲೂ ಒಬ್ಬನನ್ನು ಆರಿಸಬಹುದೆಂದು ಒಪ್ಪಿದರೆ ಸಾಲು ಇದ್ದೇ ಇದೆ. ಆರಿಸುವ ನಿಯಮವೇನೆಂದು ಮಾತ್ರ ಕೇಳಬಾರದು! ಫ್ರಾನ್ಸಿನ ಬೊರೆಲ್ ಮೊದಲಾದವರು ಮುನಿದರು. ಮುನಿಸು ಅಕಾರಣವಲ್ಲ, ಗಣಿತದ ರೂಢಿಯ ಮೂಲತತ್ತ್ವಗಳಷ್ಟರಿಂದಲೇ ಆ ಸಾಲು ಇಂಥದೆಂದು ಬೆರಳಿಟ್ಟು ತೋರಿಸಲಾಗದೆಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು.

‘ಇದ್ದೇ ಇದೆ’ ಎಂಬ ಭರವಸೆ ಕಂಪ್ಯೂಟರಿಗೆ ಸಾಲದು. ಆ ಮೂರು ಡಬ್ಬಿಗಳ ಹೆಸರನ್ನು ಪೈಥಾನ್ ಭಾಷೆಯಲ್ಲಿ ಗಣವಾಗಿ ಬರೆದು ಮುದ್ರಿಸೆಂದರೆ ಒಮ್ಮೆ ಜೀರಿಗೆ ಮುಂದು, ಇನ್ನೊಮ್ಮೆ ಮೆಂತ್ಯ. ಹೆಸರಿನಿಂದ ಒಂದು ಸಂಖ್ಯೆಯನ್ನು ಹೊಸೆದು, ಅದು ತೋರಿದ ಗೂಡಿನಲ್ಲಿ ಯಂತ್ರವು ಅದನ್ನಿಡುತ್ತದೆ. 2012ರ 3.3ನೆಯ ಆವೃತ್ತಿಯಿಂದೀಚೆಗೆ, ಪ್ರೋಗ್ರಾಂ ಓಡಿದ ಪ್ರತಿ ಸಲವೂ ಆ ಹೊಸೆತಕ್ಕೆ ಬೇರೊಂದು ಗುಟ್ಟಿನ ಸಂಖ್ಯೆ ಬೆರೆಯುತ್ತದೆ. ಗೂಡುಗಳನ್ನು ಮೊದಲೇ ಊಹಿಸಿ, ಎಲ್ಲವನ್ನೂ ಒಂದೆಡೆಗೇ ನುಗ್ಗಿಸಿ ಯಂತ್ರವನ್ನು ದಣಿಸುವ ಕಿಡಿಗೇಡಿಗಳ ಭಯದಿಂದ ಈ ಏರ್ಪಾಡು.

ಕ್ರಮ ಬೇಕಾದವರು ವಿಂಗಡಿಸೆಂದು ಕೇಳಬೇಕು, ಯಾವುದರಂತೆ ಎಂಬುದನ್ನೂ ತಾವೇ ಹೇಳಬೇಕು. ಹೇಳದಿದ್ದರೆ ಯಂತ್ರವು ಅಕ್ಷರಗಳಿಗಿತ್ತ ಸಂಖ್ಯೆಯನ್ನು ಹಿಡಿದು ನಿಲ್ಲಿಸುತ್ತದೆ: ಜೀರಿಗೆ, ಮೆಂತ್ಯ, ಸಾಸಿವೆ. ಒಗ್ಗರಣೆಗೆ ಮೊದಲು ಬೇಕಾದ ಸಾಸಿವೆ ಅಲ್ಲಿ ಕಟ್ಟಕಡೆಯದು.