ತನ್ನ ಮೇಲೆಯೇ ಎರಗುವ ದೇಹ



ಮನೆ ಕಾಯಲೆಂದು ಸಾಕಿದ ನಾಯಿಯು ಮನೆಯೊಡೆಯನ ಕಾಲನ್ನೇ ಕಚ್ಚಿದರೆ ಏನೆನ್ನಬೇಕು? ವೈದ್ಯರು ಸ್ವಯಂನಿರೋಧಕ ರೋಗಗಳೆಂದು ಕರೆಯುವವು ಇಂಥವೇ. ಹೊರಗಿನ ರೋಗಾಣುಗಳನ್ನು ಕೊಲ್ಲಬೇಕಾದ ರಕ್ಷಣಾಶಕ್ತಿಯು ತನ್ನದೇ ಅಂಗವನ್ನು ಅನ್ಯವೆಂದು ಬಗೆದು ಅದರ ಮೇಲೆ ಬೀಳುತ್ತದೆ. ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಇನ್ಸುಲಿನ್ ತಯಾರಿಸುವ ಕಣಗಳ ಮೇಲೆ ಬಿದ್ದರೆ ಎಳೆಯರನ್ನೂ ಬಿಡದ ಮಧುಮೇಹ. ಇವುಗಳಲ್ಲಿ ಹಲವು ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚು ಕಾಡುತ್ತವೆ.

ಹಲವು ವರ್ಷಗಳ ಹಿಂದಿನ ಮಾತು. ಬೆರಳುಗಳು ಸೊಟ್ಟಗಾಗಿ, ವಿಭೂತಿ ಧರಿಸಲೂ ಕಷ್ಟಪಡುತ್ತಿದ್ದ ತಾಯಿಯೊಬ್ಬರು ಮಠದಲ್ಲಿ ನನ್ನೆದುರು ಕುಳಿತು ಕಣ್ಣೀರಿಟ್ಟರು. "ಮನಸ್ಸು ಗಟ್ಟಿ ಮಾಡಿಕೊಳ್ಳಿ ತಾಯಿ, ಎಲ್ಲ ರೋಗವೂ ಚಿಂತೆಯಿಂದಲೇ" ಎಂದೆ. ಅವರು ಮರುನುಡಿಯದೆ ಎದ್ದು ಹೋದರು. ರಾಬರ್ಟ್ ಸಪೋಲ್ಸ್ಕಿ ಎಂಬ ಅಮೆರಿಕದ ವಿಜ್ಞಾನಿಯ ಸಂಶೋಧನೆಗಳ ಕುರಿತು ಓದಿದಾಗ, ನಾನಾಡಿದ್ದು ಎಂಥ ಮಾತೆಂಬುದು ತಿಳಿಯಿತು.

1957ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ, ಸಂಪ್ರದಾಯಸ್ಥ ಯೆಹೂದಿ ಮನೆತನದಲ್ಲಿ ಜನಿಸಿದ ಇವರು 1978ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪಡೆದು ಕೀನ್ಯಾ ದೇಶಕ್ಕೆ ತೆರಳಿದರು. ಮುಂದೆ ಎರಡು ದಶಕಗಳಿಗೂ ಮಿಕ್ಕಿ, ವರ್ಷದ ಕೆಲವು ತಿಂಗಳು ಅಲ್ಲಿನ ಮಸಾಯಿ ಮಾರ ಹುಲ್ಲುಗಾವಲಿನಲ್ಲಿ ಬಬೂನ್ ಎಂಬ ದೊಡ್ಡ ಕಪಿಗಳ ನಡುವೆ, ಉಳಿದ ಕಾಲ ಪ್ರಯೋಗಾಲಯದಲ್ಲಿ. ಈ ಕಪಿಗಳಿಗೆ ಆಹಾರ ಹುಡುಕಲು ದಿನಕ್ಕೆ ಮೂರು ನಾಲ್ಕು ತಾಸು ಸಾಕು. ಉಳಿದ ಹೊತ್ತೆಲ್ಲ ತಮಗಿಂತ ಕೆಳಗಿನವರನ್ನು ಪೀಡಿಸುವುದಕ್ಕೆ. (ಇದನ್ನೋದಿದಾಗ ನನಗೆ ಕಪಿಗಳು ಮಾತ್ರ ನೆನಪಾಗಲಿಲ್ಲ.)

ಸಪೋಲ್ಸ್ಕಿಯವರು ಊದುಗೊಳವೆಯಿಂದ ಮತ್ತು ಬರಿಸುವ ಬಾಣ ಹಾಯಿಸಿ ರಕ್ತ ತೆಗೆಯುತ್ತಿದ್ದರು. ಕಪಿಯು ತನ್ನತ್ತ ನೋಡುತ್ತಿರಬಾರದು. ಅಂದು ಅದು ಜಗಳವಾಡಿರಬಾರದು, ರೋಗಿಯಾಗಿರಬಾರದು. ದಿನವೂ ಅದೇ ವೇಳೆಯಾಗಿರಬೇಕು. ಇಲ್ಲವಾದರೆ ಲೆಕ್ಕ ಕೆಡುತ್ತದೆ. ಎಂಥ ತಾಳ್ಮೆ! ಸ್ಥಿರವಾದ ಶ್ರೇಣಿಯಿರುವ ಗುಂಪಿನಲ್ಲಿ, ಕೆಳಗಿನ ಗಂಡುಗಳ ರಕ್ತದಲ್ಲಿ ಸುಮ್ಮನಿರುವಾಗಲೂ ಒತ್ತಡದ ರಸವಾದ ಕಾರ್ಟಿಸಾಲ್ ಹೆಚ್ಚಾಗಿರುವುದನ್ನು ಅವರು ಕಂಡರು. ಮೇಲು ಕೀಳೆಂಬುದು ರಕ್ತದಲ್ಲಿ ಹುಟ್ಟುವುದಲ್ಲ, ರಕ್ತದೊಳಕ್ಕೆ ಇಳಿಯುವುದು.

ಇದೇ ಕಾರ್ಟಿಸಾಲಿಗೂ ಸ್ವಯಂನಿರೋಧಕ ರೋಗಕ್ಕೂ ಒಂದು ವಿಚಿತ್ರ ನಂಟಿದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಅದರ ಹತ್ತಿರದ ಬಂಧುವಾದ ಕಾರ್ಟಿಸೋನನ್ನು ಸಂಧಿವಾತದ ರೋಗಿಗೆ ಕೊಟ್ಟಾಗ, ಕೆಲವೇ ದಿನಗಳಲ್ಲಿ ಗುಣ ಕಂಡಿತು. 1950ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. ಹಾಗಾದರೆ ಒತ್ತಡದ ರಸವೇ ಔಷಧವಾದಾಗ, ಒತ್ತಡದ ಕಾಲದಲ್ಲಿಯೇ ನೋವು ಉಲ್ಬಣಿಸುತ್ತದೆಂದು ರೋಗಿಗಳು ಹೇಳುವುದೇಕೆ? 1984ರಲ್ಲಿ ಆಲನ್ ಮಂಕ್ ಮತ್ತು ಅವರ ಸಂಗಡಿಗರು ಒಂದು ವಿಚಾರ ಮಂಡಿಸಿದರು: ಈ ರಸದ ಕೆಲಸ ರಕ್ಷಣಾಶಕ್ತಿಯನ್ನು ಕೆರಳಿಸುವುದಲ್ಲ, ಕೆರಳಿದ್ದನ್ನು ಮಿತಿಮೀರದಂತೆ ಹಿಂದೆಳೆಯುವುದು. 2000ದಲ್ಲಿ ಸಪೋಲ್ಸ್ಕಿಯವರು ಮಂಕ್ ಮೊದಲಾದವರೊಡನೆ ಸೇರಿ ಇದನ್ನು ವಿಸ್ತರಿಸಿದರು. ಆಪತ್ತು ಬಂದೊಡನೆ ರಕ್ಷಣಾಶಕ್ತಿ ಏರುತ್ತದೆ. ಬಳಿಕ ಕಾರ್ಟಿಸಾಲ್ ಬಂದು ಲಗಾಮು ಹಿಡಿಯುತ್ತದೆ. ಸಣ್ಣ ಸಣ್ಣ ಆಘಾತಗಳು ಮರಮರಳಿ ಬಂದು, ಪ್ರತಿಸಲವೂ ಏರಿದ್ದು ಪೂರ್ತಿ ಇಳಿಯದೆ ಹೋದರೆ, ಕಾವಲುಗಾರನೇ ಮನೆಯ ಮೇಲೆ ತಿರುಗಿಬೀಳಬಹುದೆಂಬುದು ಅವರ ಊಹೆ. ಊಹೆಯೆಂದೇ ಹೇಳುತ್ತೇನೆ, ವಂಶವಾಹಿ, ಸೋಂಕು ಮುಂತಾದವುಗಳ ಪಾತ್ರವೂ ಇಲ್ಲಿದೆ. ರೋಗಿಯ ಮನಸ್ಸೇ ಕ್ಯಾನ್ಸರಿಗೆ ಕಾರಣವೆಂದು ಬೋಧಿಸುವವರನ್ನು ಸಪೋಲ್ಸ್ಕಿಯವರು 1994ರ ತಮ್ಮ ಗ್ರಂಥದಲ್ಲಿ ಕಟುವಾಗಿ ಖಂಡಿಸಿದ್ದಾರೆ. ನೊಂದವರ ಹೆಗಲ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವುದು ಕ್ರೌರ್ಯ. ಆ ತಾಯಿಗೆ ನಾನು ಮಾಡಿದ್ದೂ ಅದನ್ನೇ.

ಇನ್ನು ಕಪಿಗಳ ಕಥೆಯ ಉತ್ತರಾರ್ಧ. ಎಂಬತ್ತರ ದಶಕದಲ್ಲಿ ನೆರೆಯ ಪ್ರವಾಸಿಗೃಹವೊಂದರ ತಿಪ್ಪೆಯಲ್ಲಿ ಸಿಗುವ ಆಹಾರಕ್ಕಾಗಿ ಈ ಗುಂಪಿನ ಜಗಳಗಂಟ ಗಂಡುಗಳು ಹೋಗಿ ಕಾದಾಡುತ್ತಿದ್ದವು. ಅಲ್ಲಿನ ಕೆಟ್ಟ ಮಾಂಸದಿಂದ ಕ್ಷಯ ತಗುಲಿ ಅವೆಲ್ಲ ಸತ್ತವು. ಉಳಿದವು ಹೆಣ್ಣುಗಳು, ಮರಿಗಳು ಮತ್ತು ಸೌಮ್ಯ ಸ್ವಭಾವದ ಗಂಡುಗಳು. ಗುಂಪಿನ ನಡೆಯೇ ಬದಲಾಯಿತು. ಸೋತವರನ್ನು ಪೀಡಿಸುವುದು ಕಡಿಮೆಯಾಯಿತು; ಪರಸ್ಪರ ಮೈ ಹೇನು ಹೆಕ್ಕುವುದು ಹೆಚ್ಚಿತು; ಕೆಳಗಿನ ಗಂಡುಗಳ ರಕ್ತದಲ್ಲಿ ಒತ್ತಡದ ಗುರುತುಗಳೂ ಕಾಣಲಿಲ್ಲ.

ಬಬೂನ್ ಗಂಡುಗಳು ಪ್ರಾಯಕ್ಕೆ ಬಂದಾಗ ಹುಟ್ಟಿದ ಗುಂಪನ್ನು ಬಿಟ್ಟು ಬೇರೆಡೆಗೆ ಹೋಗುತ್ತವೆ. ಆದ್ದರಿಂದ 1993ರ ಹೊತ್ತಿಗೆ ಹಳೆಯ ಸೌಮ್ಯ ಗಂಡುಗಳಲ್ಲಿ ಒಂದೂ ಅಲ್ಲಿ ಉಳಿದಿರಲಿಲ್ಲ; ಇದ್ದವರೆಲ್ಲ ಹೊರಗಿನಿಂದ ಬಂದವರು. ಆದರೂ ನಡೆ ಅದೇ ಆಗಿತ್ತು! ಸಪೋಲ್ಸ್ಕಿಯವರು ಲೀಸಾ ಶೇರ್ ಅವರೊಡನೆ 2004ರಲ್ಲಿ ಇದನ್ನು ಪ್ರಕಟಿಸಿದರು. ಮನುಷ್ಯನಿಗೆ ಸ್ವತಂತ್ರ ಇಚ್ಛೆಯೇ ಇಲ್ಲವೆಂದು 2023ರಲ್ಲಿ ಗ್ರಂಥ ಬರೆದ ಈ ನಿರೀಶ್ವರವಾದಿಯೊಡನೆ ನನ್ನ ತಕರಾರು ಬೇಕಾದಷ್ಟಿದೆ. ಅದು ಬೇರೊಂದು ತಿಂಗಳಿಗಿರಲಿ. ಈ ಕಪಿಗಳ ವಿಷಯದಲ್ಲಿ ಮಾತ್ರ ಅವರಿಗೆ ಶರಣೆನ್ನುತ್ತೇನೆ. ಬೇರೆ ಗುಂಪುಗಳಲ್ಲಿ ಹೊಸದಾಗಿ ಬಂದ ಗಂಡನ್ನು ಹೆಣ್ಣುಗಳು ಬಹುಕಾಲ ಹತ್ತಿರ ಸೇರಿಸುವುದಿಲ್ಲ. ಇಲ್ಲಿಯೋ, ಬಂದ ಕೆಲವು ವಾರಗಳಲ್ಲೇ ಅವನ ಬಳಿ ಕುಳಿತು ಮೈ ನೇವರಿಸತೊಡಗುತ್ತಿದ್ದವು.