ಜಾರುವುದೇನೋ ಸರಿ, ತಿರುಗುವುದು ಹೇಗೆ?

ಹಿಮ ಬಿದ್ದ ಗುಡ್ಡದಿಂದ ಮಗುವನ್ನು ಯಾವುದರ ಮೇಲೆ ಕೂರಿಸಿ ಜಾರಿಬಿಡಬೇಕು? ಅಮೆರಿಕ, ಕೆನಡಾಗಳಿಗೆ ಹೋಗಿ ನೆಲೆಸಿದ ಕನ್ನಡದ ಅಪ್ಪ ಅಮ್ಮಂದಿರಿಗೆ ಮೊದಲ ಚಳಿಗಾಲದಲ್ಲೇ ಎದುರಾಗುವ ಪ್ರಶ್ನೆ ಇದು. ಸುತ್ತಲಿನವರು ಕೊಡುವ ಉತ್ತರವೂ ಸಿದ್ಧವಾಗಿರುತ್ತದೆ: ‘ಅದಕ್ಕೇನಂತೆ, ಜಾರುವಂಥದ್ದು ಏನಿದ್ದರೂ ನಡೆಯುತ್ತದೆ.’ ನನ್ನ ತಕರಾರು ಈ ಧಾರಾಳದ ಮಾತಿನ ಮೇಲೆ. ಜಾರಿಸುವ ಕೆಲಸವನ್ನು ಹಿಮ ಮತ್ತು ಇಳಿಜಾರು ಪುಕ್ಕಟೆಯಾಗಿ ಮಾಡಿಕೊಡುತ್ತವೆ. ನಾವು ದುಡ್ಡು ಕೊಟ್ಟು ತರಬೇಕಾದದ್ದು ತಿರುಗಿಸುವ, ನಿಲ್ಲಿಸುವ ಅನುಕೂಲವನ್ನು. ಅಂಗಡಿಗಳು ರಾಶಿ ಹಾಕಿ ಮಾರುವುದು ಮಾತ್ರ ಅವೆರಡೂ ಇಲ್ಲದ ಸಾಮಾನನ್ನು.

ಡಿಸೆಂಬರ್ ಹೊತ್ತಿಗೆ ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದು ಪ್ಲಾಸ್ಟಿಕ್ ತಟ್ಟೆಗಳು, ಗಾಳಿ ತುಂಬುವ ಟ್ಯೂಬುಗಳು. ಅಗ್ಗ, ಹಗುರ, ಬಣ್ಣಬಣ್ಣ. ತಟ್ಟೆಯನ್ನೇ ತೆಗೆದುಕೊಳ್ಳಿ. ಗುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಸ್ವಲ್ಪ ದೂರ ಜಾರುವಷ್ಟರಲ್ಲಿ ಬುಗುರಿಯಂತೆ ಸುತ್ತತೊಡಗುತ್ತದೆ. ಮಗು ಬೆನ್ನು ಮುಂದಾಗಿ ಇಳಿಯುತ್ತಿರುತ್ತದೆ, ದಾರಿಯಲ್ಲಿರುವ ಮರ ಅದಕ್ಕೆ ಕಾಣುವುದೇ ಇಲ್ಲ. ಟ್ಯೂಬಿನದು ಇನ್ನೊಂದು ಬಗೆ. ಅದು ಕೂತವರನ್ನು ನೆಲದಿಂದ ಮೇಲಕ್ಕೆತ್ತುತ್ತದೆ, ಉಬ್ಬು ಸಿಕ್ಕಲ್ಲಿ ಚೆಂಡಿನಂತೆ ಪುಟಿಯುತ್ತದೆ, ಕಾಲೂರಿ ತಡೆಯೋಣವೆಂದರೆ ಕಾಲು ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ. ಮೆತ್ತಗಿದೆಯಾದ್ದರಿಂದ ಅಪಾಯವಿಲ್ಲ ಎಂದು ನಾವು ನಂಬಿಬಿಡುತ್ತೇವೆ.

ಹಿಂದಿನವರು ಇಷ್ಟು ಉದಾಸೀನರಾಗಿರಲಿಲ್ಲ. ಟೊಬಾಗನ್ ಎಂಬ ಪದ ಉತ್ತರ ಅಮೆರಿಕದ ಮೂಲನಿವಾಸಿಗಳ ಆಲ್ಗೊಂಕಿಯನ್ ಭಾಷೆಗಳಿಂದ ಹೊರಟು, ಕೆನಡಾದ ಫ್ರೆಂಚರ ಬಾಯಿ ಹಾದು ಇಂಗ್ಲಿಷಿಗೆ ಬಂದದ್ದು. ತೆಳ್ಳನೆ ಹಲಗೆ, ಮೇಲಕ್ಕೆ ಸುರುಳಿಯಾಗಿ ಬಾಗಿದ ಮುಂದಿನ ತುದಿ. ಆಳವಾದ ಮೆತ್ತನೆ ಹಿಮದಲ್ಲಿ ಹೊರೆ ಸಾಗಿಸಲು ಮಾಡಿಕೊಂಡ ವಾಹನ ಅದು. ಚಪ್ಪಟೆ ತಳ ಭಾರವನ್ನು ಹರಡುವುದರಿಂದ ಹಿಮದಲ್ಲಿ ಹೂತುಹೋಗುವುದಿಲ್ಲ. ತುಳಿದು ಗಟ್ಟಿಯಾದ ಹಿಮಕ್ಕೆ ಬೇರೆಯ ಉಪಾಯ ಬೇಕು. ಕೃಷಿ ಸಲಕರಣೆಗಳನ್ನು ತಯಾರಿಸುತ್ತಿದ್ದ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಲೀಡ್ಸ್ ಆಲೆನ್ 1889ರಲ್ಲಿ ಫ್ಲೆಕ್ಸಿಬಲ್ ಫ್ಲೈಯರ್ ಎಂಬ ಸ್ಲೆಡ್‌ಗೆ ಪೇಟೆಂಟ್ ಪಡೆದ. ಮರದ ಪಟ್ಟಿಗಳ ಕೆಳಗೆ ಉದ್ದನೆಯ ಎರಡು ಉಕ್ಕಿನ ಪಟ್ಟಿಗಳು. ಮುಂದಿರುವ ಅಡ್ಡಪಟ್ಟಿಯನ್ನು ಕೈಯಿಂದಲೋ ಕಾಲಿನಿಂದಲೋ ಒತ್ತಿದರೆ ಆ ಉಕ್ಕು ಬಾಗುತ್ತದೆ, ಸ್ಲೆಡ್ ತಿರುಗುತ್ತದೆ. ಮಕ್ಕಳ ಆಟದ ಸಾಮಾನಿಗೂ ಚುಕ್ಕಾಣಿ ಇರಬೇಕು ಎಂಬ ಅರಿವು ಅಷ್ಟು ಹಿಂದೆಯೇ ಇತ್ತು. ಅದನ್ನು ನಾವು ಅಗ್ಗದ ಪ್ಲಾಸ್ಟಿಕ್ಕಿಗೆ ಬಿಟ್ಟುಕೊಟ್ಟೆವು.

ಇದಕ್ಕೆ ತೆರುತ್ತಿರುವ ಬೆಲೆ ಸಣ್ಣದಲ್ಲ. 1997ರಿಂದ 2007ರವರೆಗಿನ ಅಮೆರಿಕದ ಲೆಕ್ಕ ತೆಗೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸ್ಲೆಡ್ ಆಟದಲ್ಲಿ ಗಾಯಗೊಂಡು ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ ಮಕ್ಕಳು ಮತ್ತು ಹದಿಹರೆಯದವರ ಸಂಖ್ಯೆ ವರ್ಷಕ್ಕೆ ಸರಾಸರಿ 20,000 ದಾಟಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಗಾಯಗಳಿಗೆ ಕಾರಣ ಡಿಕ್ಕಿ. ಟ್ಯೂಬಿನಲ್ಲಿ ಕೂತವರ ಮಿದುಳಿಗೆ ಪೆಟ್ಟಾಗುವ ಸಂಭವ ಬೇರೆ ಸ್ಲೆಡ್‌ಗಳಲ್ಲಿ ಕೂತವರಿಗಿಂತ ಹೆಚ್ಚು ಎಂಬುದೂ ಅದರಲ್ಲಿ ಕಂಡುಬಂತು. ತಟ್ಟೆ, ಟ್ಯೂಬುಗಳಿಗಿಂತ ತಿರುಗಿಸಬಲ್ಲ ಸ್ಲೆಡ್ ಮೇಲು ಎಂದು ಅಲ್ಲಿನ ಮೂಳೆ ತಜ್ಞರ ಸಂಸ್ಥೆಯೂ ಸಲಹೆ ಕೊಡುತ್ತದೆ. ಆದರೆ ಅಂಗಡಿಗೆ ಹೋದಾಗ ನಾವು ನೋಡುವುದು ಬೆಲೆಯ ಚೀಟಿಯನ್ನು.

ಇನ್ನು ನಗರಾಡಳಿತಗಳು. ಅವು ಕಂಡುಕೊಂಡ ಮದ್ದು ಗುಡ್ಡವನ್ನೇ ಮುಚ್ಚುವುದು. ಅಯೋವಾ ರಾಜ್ಯದ ಡುಬ್ಯೂಕ್ ನಗರ 2015ರ ಆರಂಭದಲ್ಲಿ ತನ್ನ 50 ಪಾರ್ಕುಗಳ ಪೈಕಿ ಎರಡನ್ನು ಬಿಟ್ಟು ಉಳಿದೆಡೆ ಈ ಆಟವನ್ನು ನಿಷೇಧಿಸಲು ಮುಂದಾಯಿತು. ಕಾರಣ, ಪರಿಹಾರದ ಮೊಕದ್ದಮೆಗಳ ಭಯ. ಅದೇ ವರ್ಷದ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬಂದು, ಸಂಸತ್ ಭವನವಿರುವ ಕ್ಯಾಪಿಟಲ್ ಗುಡ್ಡದಲ್ಲಿ ನಿಷೇಧ ಮುರಿದು ಜಾರಿದರು. ನಾನು ಆ ಮಕ್ಕಳ ಪಕ್ಷ. ಹಿಮ ಬಿದ್ದ ದಿನ ಮಕ್ಕಳನ್ನು ಮನೆಯೊಳಗೆ ಕೂರಿಸುವ ಊರು ಊರೇ ಅಲ್ಲ. ಆದರೂ ಒಂದು ಮಾತು ಹೇಳಲೇಬೇಕು. ನಿಷೇಧ ಹೇರುವವರು, ಅದನ್ನು ಮುರಿಯುವವರು ಇಬ್ಬರೂ ಗುಡ್ಡದ ಬಗ್ಗೆ ಜಗಳವಾಡುತ್ತಾರೆ. ಕೂರುವುದು ಯಾವುದರ ಮೇಲೆ ಎಂದು ಇಬ್ಬರೂ ಕೇಳುವುದಿಲ್ಲ. ಚುಕ್ಕಾಣಿಯಿಲ್ಲದ ತಟ್ಟೆ ಮರಕ್ಕೆ ಗುದ್ದಿದಾಗ ನಾವು ಮರವನ್ನು ದೂರುತ್ತೇವೆ, ಗುಡ್ಡವನ್ನು ದೂರುತ್ತೇವೆ, ಕೊನೆಗೆ ಮಗುವನ್ನೂ ದೂರುತ್ತೇವೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಈಡಿತ್ ವಾರ್ಟನ್ ಅವರ ‘ಈಥನ್ ಫ್ರೋಮ್’ (1911) ನೆನಪಾಗಬೇಕು. ಕೂಡಿ ಬಾಳಲು ದಾರಿಯಿಲ್ಲದ ಇಬ್ಬರು ಒಂದೇ ಸ್ಲೆಡ್‌ನಲ್ಲಿ ಕೂತು, ದೊಡ್ಡದೊಂದು ಎಲ್ಮ್ ಮರಕ್ಕೆ ಗುದ್ದಿ ಸಾಯಲು ಹೊರಡುತ್ತಾರೆ. ಈಥನ್ ಗುರಿಯಿಟ್ಟು ನಡೆಸುತ್ತಾನೆ. ಕೊನೆಯ ಗಳಿಗೆಯಲ್ಲಿ ಸ್ಲೆಡ್ ಪಕ್ಕಕ್ಕೆ ಸರಿದಾಗ ಮತ್ತೆ ಮರದತ್ತಲೇ ತಿರುಗಿಸುತ್ತಾನೆ. ಸಾವು ಬರುವುದಿಲ್ಲ, ಬದುಕಿಡೀ ಕಾಡುವ ಊನ ಉಳಿಯುತ್ತದೆ. ‘ನೋಡಿ, ನೀವು ಹೊಗಳುವ ತಿರುಗಿಸುವ ಸ್ಲೆಡ್ಡೂ ಮರಕ್ಕೇ ಹೋಯಿತಲ್ಲ’ ಎಂದು ಯಾರಾದರೂ ಹೇಳಬಹುದು. ಹೌದು, ಹೋಯಿತು. ನಡೆಸುವವನು ಅತ್ತ ಹೋಗಬೇಕೆಂದಿದ್ದರಿಂದ ಹೋಯಿತು. ತಪ್ಪಿಸಿಕೊಳ್ಳುವ ದಾರಿ ಕೈಯಲ್ಲೇ ಇತ್ತು ಎಂಬುದರಿಂದಲೇ ಆ ಕಥೆ ಎದೆಗೆ ತಾಗುತ್ತದೆ. ಅವರಿಬ್ಬರನ್ನು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂರಿಸಿದ್ದರೆ ಉಳಿಯುತ್ತಿದ್ದದ್ದು ಪತ್ರಿಕೆಯ ಮೂಲೆಯಲ್ಲಿ ಬರುವ ಅಪಘಾತದ ಸುದ್ದಿಯಷ್ಟೆ. ಮಕ್ಕಳನ್ನು ತಟ್ಟೆಯ ಮೇಲೆ ಕೂರಿಸುವಾಗ ನಾವು ಅವರಿಂದ ಕಸಿದುಕೊಳ್ಳುವುದು ಇದನ್ನೇ: ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವ ಅವಕಾಶ.

‘ಹಿಡಿತ ತಪ್ಪುವುದರಲ್ಲೇ ಮಜಾ ಇದೆ’ ಎನ್ನುವವರಿದ್ದಾರೆ. ಇರಲಿ, ಅದಕ್ಕೂ ಜಾಗವಿದೆ. ಟ್ಯೂಬ್ ಆಟಕ್ಕೆಂದೇ ಕಟ್ಟಿದ ಗುಡ್ಡಗಳಲ್ಲಿ ಎರಡೂ ಬದಿಗೆ ಹಿಮದ ದಿಬ್ಬ ಹಾಕಿ ಓಣಿ ಮಾಡಿರುತ್ತಾರೆ, ಕೊನೆಯಲ್ಲಿ ತಾನಾಗಿ ನಿಲ್ಲುವಷ್ಟು ಸಮತಟ್ಟು ಬಿಟ್ಟಿರುತ್ತಾರೆ. ಅಲ್ಲಿ ಚುಕ್ಕಾಣಿಯ ಕೆಲಸವನ್ನು ಗುಡ್ಡವೇ ಮಾಡುತ್ತದೆ. ನಮ್ಮ ಮಲೆನಾಡಿನ ಮಕ್ಕಳು ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆಯುವ ಆಟವನ್ನು ನೆನಪಿಸಿಕೊಳ್ಳಿ. ಹಾಳೆಗೆ ಚುಕ್ಕಾಣಿಯಿಲ್ಲ, ಆದರೆ ಎಳೆಯುವ ಅಕ್ಕನಿಗೆ ಕಣ್ಣಿದೆ, ಅವಳು ನಿಂತರೆ ಹಾಳೆಯೂ ನಿಲ್ಲುತ್ತದೆ. ಮರ, ಕಂಬ, ಬೆಂಚು, ರಸ್ತೆ ಎಲ್ಲವೂ ಇರುವ ಊರ ಪಾರ್ಕಿನ ಇಳಿಜಾರಿನಲ್ಲಿ ಓಣಿಯೂ ಇಲ್ಲ, ಅಕ್ಕನೂ ಇಲ್ಲ. ಅಲ್ಲಿ ಮಗುವಿನ ಕೈಗೇ ಹಿಡಿತ ಕೊಡಬೇಕು.

‘ಮರದ ಸ್ಲೆಡ್ ದುಬಾರಿ, ಇದೆಲ್ಲ ಉಳ್ಳವರ ಮಾತು’ ಎಂಬ ಆಕ್ಷೇಪಕ್ಕೆ ತೂಕವಿದೆ. ದುಡ್ಡಿಲ್ಲದವರು ರಟ್ಟಿನ ಪೆಟ್ಟಿಗೆ ಬಿಡಿಸಿ ಅದರ ಮೇಲೆ ಜಾರುತ್ತಾರೆ. ಸಣ್ಣ ಇಳಿಜಾರು, ಕೆಳಗೆ ಬಯಲು ಇದ್ದರೆ ಅದರಲ್ಲಿ ದೋಷವಿಲ್ಲ. ರಟ್ಟು ಒದ್ದೆಯಾದಂತೆ ಓಟವೂ ಕುಂದುತ್ತದೆ. ದೊಡ್ಡ ಗುಡ್ಡಕ್ಕೆ ಹೋಗುವವರು ಎರಡು ಮನೆಯವರು ಸೇರಿ ಒಂದು ಒಳ್ಳೆಯ ಸ್ಲೆಡ್ ಕೊಳ್ಳಲಿ. ತೆಳು ಪ್ಲಾಸ್ಟಿಕ್ ಚಳಿಗೆ ಬಿರುಕು ಬಿಟ್ಟು ಕಸಕ್ಕೆ ಹೋಗುತ್ತದೆ, ಮರ ಮತ್ತು ಉಕ್ಕಿನ ಸ್ಲೆಡ್ ಅಣ್ಣನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಯ ಮಗುವಿಗೆ ದಾಟುತ್ತದೆ.

ಆದ್ದರಿಂದ ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಕೂತ ಮಗುವಿಗೆ ಮುಂದಿನ ದಾರಿ ಕಾಣುತ್ತದೆಯೇ? ತಿರುಗಿಸಲು ಬರುತ್ತದೆಯೇ? ಕಾಲೂರಿ ನಿಲ್ಲಿಸಬಹುದೇ? ಮೂರಕ್ಕೂ ‘ಇಲ್ಲ’ ಎಂದಾದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಗುಡ್ಡದಲ್ಲಿ ಕಾಲು ಮುಂದಾಗಿ ಕೂರಿಸಿ, ತಲೆಗೆ ಹೆಲ್ಮೆಟ್ ಹಾಕಿ. ಮೊದಲ ಸಲ ಸಣ್ಣ ಇಳಿಜಾರಿನಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸುವುದನ್ನು ಕಲಿಸಿ, ಆಮೇಲೆ ದೊಡ್ಡದಕ್ಕೆ ಬಿಡಿ. ತಾನೇ ತಿರುಗಿಸಿ ಮರ ತಪ್ಪಿಸಿಕೊಂಡು ಕೆಳಗೆ ಬಂದು ನಿಂತ ಮಗು ‘ಇನ್ನೊಂದು ಸಲ’ ಎನ್ನುವುದರಲ್ಲಿ ಇರುವ ಹೆಮ್ಮೆಯನ್ನು ಯಾವ ತಟ್ಟೆಯೂ ಕೊಡಲಾರದು.